ಕಚಕಷ್ಮಾ

"ಕಕಾಕಕಾಕನ ಕಚಕಷ್ಮಾ ಕಮುಕರೀಕತು!"

ಪಡಸಾಲೆಯಲ್ಲಿ ಅಣ್ಣನ ಮಗಳು ತನ್ನ ತಮ್ಮನ ಕಿವಿಯಲ್ಲಿ ಹೀಗೆ ಉಸುರಿದಾಗ ನಾನು ಮಧ್ಯಾಹ್ನದ ನಿದ್ದೆಯ ಸೋಗಿನಲ್ಲಿದ್ದೆ. ಗುಟ್ಟು ಭದ್ರವಾಯಿತೆಂದು ಆಕೆಯ ಎಣಿಕೆ. ಈ ಕಾಕಾನೂ ಒಂದು ಕಾಲಕ್ಕೆ ಆಳಂದದ ಓಣಿಯಲ್ಲಿ ಕ-ಭಾಷೆಯ ಘನಪಂಡಿತನಾಗಿದ್ದನೆಂದು ಅದಕ್ಕೇನು ಗೊತ್ತು? ಮುರಿದದ್ದು ನನ್ನದೇ ಚಷ್ಮಾ, ಸಿಟ್ಟು ಬರಬೇಕಿತ್ತು. ಆದರೆ 'ಕಚಕಷ್ಮಾ' ಎನ್ನುವಾಗ ಕಾಜು ಕಚಕ್ಕನೆ ಒಡೆದ ಸದ್ದೇ ಕೇಳಿಸಿತಲ್ಲ, ಆ ಶಬ್ದಸುಖಕ್ಕೆ ಸಿಟ್ಟು ಅರ್ಧ ಇಳಿಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕ-ಭಾಷೆಗೆ ಇರುವುದು ಒಂದೇ ಸೂತ್ರ. ಪ್ರತಿ ಅಕ್ಷರದ ಮುಂದೂ ಒಂದು ಕ, ಮೆರವಣಿಗೆಯಲ್ಲಿ ಮದುಮಗನ ಮುಂದೆ ಮುಂದೆ ಓಡುವ ಪೋರನ ಹಾಗೆ. ಕೇಶಿರಾಜ ಕನ್ನಡಕ್ಕೆ 47 ಅಕ್ಷರ ಎಂದು ಲೆಕ್ಕ ಹಾಕಿದ; ನಮ್ಮ ಓಣಿಯ ವೈಯಾಕರಣರಿಗೆ ಒಂದು ಕ ಸಾಕಾಯಿತು. ಊರ ಹೆಸರು ಬಂದಾಗ ಮಾತ್ರ ಪಜೀತಿ. ಆಳಂದ ಹೇಳಿ ನೋಡಿ: ಕಆಕಳಂಕದ. ಹುಟ್ಟಿದೂರಿನ ನಡುವೆಯೇ ಕಳಂಕ! ಅಫಜಲಪುರದವರು ಇದಕ್ಕೆ ನಗಬೇಕಾಗಿಲ್ಲ. ಅವರದು ಕಅಕಫಕಜಕಲಕಪುಕರ, ಎರಡನೇ ಹೆಜ್ಜೆಗೇ ಕಫ.

ನಿಜವಾದ ತಕರಾರು ಜೇವರ್ಗಿಯದು. ಶಾಲೆಗೆ ಹೋಗುವ ಮಕ್ಕಳು ಕಜೇಕವಕರ್ಗಿ ಎನ್ನುತ್ತಾರೆ. ಶಾಲೆಯ ಕಟ್ಟೆ ಹತ್ತದ ನಮ್ಮವ್ವನ ಬಾಯಲ್ಲಿ ಅದು ಕಜೇಕವರ್ಕಗಿ, ಚಷ್ಮಾ ಕಚಷ್ಕಮಾ. "ಆಯಿ, ನಿನಗ ಬರೂದಿಲ್ಲ ಬಿಡು" ಎಂದು ಮೊಮ್ಮಕ್ಕಳು ಬಿದ್ದುಬಿದ್ದು ನಕ್ಕವು. ಮಕ್ಕಳು ಕಡಿಯುವುದು ಪಾಟಿಯ ಮೇಲಿನ ಅಕ್ಷರವನ್ನು, ಅವ್ವ ಕಡಿಯುವುದು ಕಿವಿಗೆ ಬಿದ್ದ ಸದ್ದನ್ನು. ನನ್ನನ್ನು ಕೇಳಿದರೆ ಛಂದಸ್ಸೂ ಅವ್ವನ ಪಕ್ಷವೇ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಬಾಯಿಪಾಠ ಮಾಡಿದ್ದೇವಲ್ಲ, ಯಾಕೆ ಗುರು? ಚಷ್ಮಾದ ಷ್ ಬರಹದಲ್ಲಿ ಮಾ ಜೊತೆಗಿದ್ದರೂ ಉಚ್ಚಾರದಲ್ಲಿ ಚಕಾರಕ್ಕೇ ಆತುಕೊಳ್ಳುತ್ತದೆ, ಅದಕ್ಕೆ. ನಾಗವರ್ಮನ ಹೆಸರನ್ನೇ ಕೇಳದ ಅವ್ವ ಲಘು-ಗುರು ತಪ್ಪಲಿಲ್ಲ. ಪ್ರಸ್ತಾರ ಹಾಕಿ ಹಾಕಿ ಬೆರಳು ಸವೆಸಿದ ನಾನು ಮಕ್ಕಳ ಜೊತೆ ನಗುತ್ತಿದ್ದೆ.

ಬರಹದ ಕಾಟ ದೊಡ್ಡವರನ್ನೂ ಬಿಟ್ಟದ್ದಲ್ಲ. 1948ರವರೆಗೆ ನಮ್ಮ ಕಡೆ ನಿಜಾಮರ ಆಳ್ವಿಕೆ, ಕಚೇರಿಯ ಭಾಷೆ ಉರ್ದು. ಉರ್ದು ಲಿಪಿಯಲ್ಲಿ ಳ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಆಳಂದದ ಳ ಕಾಗದದ ಮೇಲೆ ಲ ಆಯಿತು. ಅತ್ತ ಅಫಜಲಪುರದ ಫಾರಸಿ ಫ಼, ಜ಼ ಎರಡಕ್ಕೂ ಕನ್ನಡದಲ್ಲಿ ಕೆಳಗೆ ಚುಕ್ಕಿ ಇಡಬೇಕು. ಯಾರೂ ಇಡುವುದಿಲ್ಲ. ಒಬ್ಬರ ಳ ಹೋಯಿತು, ಇನ್ನೊಬ್ಬರ ಚುಕ್ಕಿ ಹೋಯಿತು, ಲೆಕ್ಕ ಚುಕ್ತಾ.

ಆಳಂದ ದಾಟಿದರೆ ಮಹಾರಾಷ್ಟ್ರ. ಮರಾಠಿ ಮಕ್ಕಳ ಚ-ಭಾಷೆ ಇನ್ನೂ ಬಿಗಿ: ಮೊದಲ ಅಕ್ಷರವನ್ನು ಕೊನೆಗೆ ಅಟ್ಟಿ ಅದರ ಜಾಗದಲ್ಲಿ ಚ ಕೂರಿಸಬೇಕು. 'ತುಲಾ' ಹೋಗಿ 'ಚಲಾತು'. ನನ್ನ ತಲೆಗೆ ಅದು ಹತ್ತಲೇ ಇಲ್ಲ.

ಜಗತ್ತಿಗೆಲ್ಲ ಒಂದು ಭಾಷೆ ಮಾಡಲು ಹೊರಟ ಝಾಮೆನ್‌ಹಾಫ್ ಕಣ್ಣಿನ ವೈದ್ಯ, ಚಷ್ಮಾದ ನೋವು ಬಲ್ಲವನು. 1887ರಲ್ಲಿ ಅವನು ಪ್ರಕಟಿಸಿದ ಎಸ್ಪೆರಾಂಟೊಗೆ 28 ಅಕ್ಷರ, ಒಂದೊಂದಕ್ಕೂ ಒಂದೇ ಸದ್ದು. ಆದರೆ ಐದು ವ್ಯಂಜನಗಳ ತಲೆಗೆ ಟೋಪಿ ತೊಡಿಸಿದ. ಅಂಥ ಅಚ್ಚುಮೊಳೆ ಎಲ್ಲ ಮುದ್ರಣಾಲಯಗಳಲ್ಲಿ ಎಲ್ಲಿಂದ ಬರಬೇಕು? ಟೋಪಿ ಇಲ್ಲದಿದ್ದರೆ ಪಕ್ಕದಲ್ಲೊಂದು ಎಚ್ ಹಾಕಿಕೊಳ್ಳಿ ಎಂದು ಅವನೇ ರಾಜಿಯಾದ. ನಮ್ಮ ಕ-ಭಾಷೆಗೆ ಮೊಳೆಯೂ ಬೇಡ, ಟೋಪಿಯೂ ಬೇಡ.

ನಿಮ್ಮೂರಿನ ಹೆಸರನ್ನೂ ಒಮ್ಮೆ ಹೇಳಿ ನೋಡಿ. ಕಲಬುರಗಿಯವರು ಮಾತ್ರ ಮೊದಲು ಒಂದು ಗುಟುಕು ನೀರು ಕುಡಿದು ಶುರುಮಾಡುವುದು ಒಳ್ಳೆಯದು.