ಒಂದು ಗ್ರಾಹಕ-ಕಡತದ ಪಾಠವಿಮರ್ಶೆ

ಸೆಬಿಯು 2013ರಲ್ಲಿ ಹೊರಡಿಸಿದ ಹೂಡಿಕೆ ಸಲಹೆಗಾರರ ನಿಯಮಾವಳಿಯು ಗ್ರಾಹಕರ ಗುರುತುಪತ್ರ, ಅವರ ನಷ್ಟಸಹಿಷ್ಣುತೆಯ ಪರೀಕ್ಷೆ, ಅವರಿಗಿತ್ತ ಸಲಹೆ, ಆ ಸಲಹೆಯ ಕಾರಣ ಇವಿಷ್ಟನ್ನೂ ಕಾಗದದಲ್ಲಾಗಲಿ ವಿದ್ಯುನ್ಮಾನ ರೂಪದಲ್ಲಾಗಲಿ ಕನಿಷ್ಠ 5 ವರ್ಷ ಕಾಪಿಡತಕ್ಕದ್ದೆಂದು ವಿಧಿಸಿರುವುದು ಸರ್ವವಿದಿತ. ಆದರೆ ಹೀಗೆ ಕಾಪಿಟ್ಟುದರಲ್ಲಿ ಮೂಲವಾವುದು, ಪ್ರಕ್ಷಿಪ್ತವಾವುದು ಎಂಬುದನ್ನು ನಿರ್ಣಯಿಸುವ ಶಾಸ್ತ್ರವನ್ನು ನಿಯಮಕಾರರು ರಚಿಸದೆ ಬಿಟ್ಟುದರಿಂದ, ಜಯನಗರದ ಸಲಹಾಸಂಸ್ಥೆಯೊಂದರ ಗಣಕದಲ್ಲಿ ದೊರೆತ, ನಿವೃತ್ತ ಅಧ್ಯಾಪಿಕೆಯೊಬ್ಬರ 'ರಿಸ್ಕ್ ಪ್ರೊಫೈಲ್' ಎಂಬ ಲಘುಕೃತಿಯನ್ನು ಆಧಾರವಾಗಿರಿಸಿಕೊಂಡು ಆ ಕೊರತೆಯನ್ನು ನೀಗಲು ಇಲ್ಲಿ ಯತ್ನಿಸಿದೆ.

ನಮ್ಮ ಪೂರ್ವಿಕರು ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದು, ಬೇಡವಾದಾಗ ಒರಸಿ ಪುನಃ ಬರೆಯುತ್ತಿದ್ದರಾಗಿ ಪಾಠಾಂತರದ ಕ್ಲೇಶ ಅವರಿಗಿರಲಿಲ್ಲ. ಗಣಕದ ಲಿಪಿಕಾರನಾದರೋ ಏನನ್ನೂ ಒರಸಲೊಲ್ಲನು. ಪ್ರಕೃತ ಕೃತಿಗೆ ಐದು ಪ್ರತಿಗಳುಂಟು: 'ಫೈನಲ್' (ಕ), 'ಫೈನಲ್ ಹೊಸದು' (ಖ), 'ಇದೇ ಫೈನಲ್' (ಗ), 'ಸಾರ್ ನೋಡಿದ್ದು' (ಘ), ಮತ್ತು ವಾಟ್ಸಾಪ್ ಶಾಖೆಗೆ ಸೇರಿದ, ಹೆಸರಿಲ್ಲದೆ ಬರಿಯ ಅಂಕಿಗಳಿರುವ ಒಂದು ತಲೆಕೆಳಗಾದ ಛಾಯಾಚಿತ್ರ (ಙ). ಈ ಕೊನೆಯ ಪ್ರತಿಯಲ್ಲಿ ಫೋಟೋ ತೆಗೆದವನ ಹೆಬ್ಬೆರಳು ಏಳನೆಯ ಪ್ರಶ್ನೆಯ ಉತ್ತರವನ್ನು ಸಂಪೂರ್ಣವಾಗಿ ಮರೆಮಾಡಿರುವುದರಿಂದ ಅಲ್ಲಿ ಗ್ರಂಥಪಾತವೆಂದು ಭಾವಿಸತಕ್ಕದ್ದು.

ವಿವಾದವಿರುವುದೂ ಆ ಏಳನೆಯ ಪ್ರಶ್ನೆಯಲ್ಲಿಯೇ. ಮಾರುಕಟ್ಟೆಯು ಶೇ. 20ರಷ್ಟು ಕುಸಿದರೆ ಏನು ಮಾಡುವಿರಿ ಎಂಬುದಕ್ಕೆ ಕ ಪ್ರತಿಯು 'ಎಲ್ಲವನ್ನೂ ಮಾರುವೆ' ಎಂದೂ, ಖ ಪ್ರತಿಯು 'ಕಾದು ನೋಡುವೆ' ಎಂದೂ, ಗ ಮತ್ತು ಘ ಪ್ರತಿಗಳು 'ಇನ್ನಷ್ಟು ಕೊಳ್ಳುವೆ' ಎಂದೂ ಓದುತ್ತವೆ. ಪಾಠಗಳು ಭಿನ್ನವಾದಲ್ಲಿ ಕ್ಲಿಷ್ಟಪಾಠವೇ ಗ್ರಾಹ್ಯವೆಂಬುದು ಗ್ರಂಥಸಂಪಾದಕರ ಸೂತ್ರವಷ್ಟೆ; ಪಿಂಚಣಿಯಲ್ಲಿ ಜೀವಿಸುವ ವೃದ್ಧೆಯೊಬ್ಬರು ಕುಸಿಯುವ ಪೇಟೆಗೆ ಚೀಲ ಹಿಡಿದು ಹೊರಡುವರೆಂದು ನಂಬುವುದು ಅತ್ಯಂತ ಕ್ಲಿಷ್ಟವಾದ ಕಾರಣ ಗ ಪಾಠವೇ ಮೂಲವೆಂದು ಸಿದ್ಧವಾಯಿತು. ಸ್ಮಾಲ್‌ಕ್ಯಾಪ್ ಫಂಡನ್ನು ಕೊಳ್ಳಿರೆಂಬ ಸಲಹೆ ಹೊರಟ ಮೂರನೆಯ ದಿನ ಗ ಪ್ರತಿ ಹುಟ್ಟಿತೆಂಬುದನ್ನು ಕೆಲವರು ಎತ್ತಿ ಆಡುತ್ತಾರೆ. ಮೂಲಕ್ಕಿಂತ ಮುಂಚೆ ವ್ಯಾಖ್ಯಾನ ಜನಿಸಿದ ಅಪೂರ್ವ ನಿದರ್ಶನವೆಂದು ಅದನ್ನು ಕೊಂಡಾಡುವುದೇ ಸಹೃದಯರ ಲಕ್ಷಣ.

ಇನ್ನು ಮೌಖಿಕ ಪರಂಪರೆ. ಗ್ರಾಹಕರೊಡನೆ ನಡೆದ ಸಂಭಾಷಣೆಯ ದಾಖಲೆಯನ್ನೂ ಇಡಬೇಕೆಂದು ಸೆಬಿಯು 2020ರ ಸುತ್ತೋಲೆಯಲ್ಲಿ ವಿಧಿಸಿದ ಮೇಲೆ ಸಂಸ್ಥೆಯು ದೂರವಾಣಿಯ ಮಾತನ್ನು ಮುದ್ರಿಸಿಕೊಂಡಿದೆ. "ಅದೆಲ್ಲ ನಂಗೆ ತಿಳಿಯಲ್ಲಪ್ಪ, ಇದು ಪಿ.ಎಫ್. ದುಡ್ಡು, ಮುಳುಗಬಾರದು ಅಷ್ಟೇ" ಎಂದು ಅಧ್ಯಾಪಿಕೆಯವರೂ, "ಆಯ್ತು ಮೇಡಂ" ಎಂದು ಸಂಸ್ಥೆಯ ಹುಡುಗನೂ ಹೇಳುವುದು ಸ್ಪಷ್ಟವಾಗಿ ಕೇಳಿಬರುವುದಾದರೂ, ಈ ಧ್ವನಿಮುದ್ರಿಕೆಯು ಬೇರೊಂದು ಫೋಲ್ಡರಿನಲ್ಲಿ, ಯಾವ ಗ್ರಾಹಕರ ಹೆಸರಿಗೂ ಜೋಡಣೆಯಾಗದೆ ಬಿದ್ದಿರುವುದರಿಂದಲೂ, ಭಾಷೆ ಗ್ರಾಮ್ಯವಾಗಿರುವುದರಿಂದಲೂ ಇದನ್ನು ಪ್ರಮಾಣವಾಗಿ ಸ್ವೀಕರಿಸಲಾಗಲಿಲ್ಲ.

ವರ್ಷಾಂತ್ಯದಿಂದ ಆರು ತಿಂಗಳೊಳಗೆ ನಡೆಯಬೇಕಾದ ಪರಿಶೋಧನೆಗೆ ಬಂದವರು ಗ ಪ್ರತಿಯ ಡಿಜಿಟಲ್ ಸಹಿಯ ಮೇಲಿದ್ದ ಹಳದಿ ಪ್ರಶ್ನಾರ್ಥಕ ಚಿಹ್ನೆಯನ್ನು ಕಂಡು ಹುಬ್ಬೇರಿಸಿದರು. ಕೂಡಲೇ ಅದನ್ನು ಪ್ರಿಂಟ್ ತೆಗೆದು, ಅಧ್ಯಾಪಿಕೆಯವರನ್ನು ಬರಮಾಡಿಕೊಂಡು, ಪೆನ್ಸಿಲ್ಲಿನಲ್ಲಿ ಇಂಟು ಗುರುತು ಹಾಕಿದೆಡೆ ಪೆನ್ನಿನಿಂದ ಸಹಿ ಹಾಕಿಸಿ, ಮುದ್ರಿತ ಪ್ರಶ್ನಾರ್ಥಕ ಚಿಹ್ನೆಯ ಸಮೇತ ಪುನಃ ಸ್ಕ್ಯಾನ್ ಮಾಡಲಾಗಿ ಚ ಪ್ರತಿ ಸಿದ್ಧವಾಯಿತು. ಅದಕ್ಕೆ 'ಫೈನಲ್' ಎಂದು ನಾಮಕರಣ ಮಾಡಲು ಹೊರಟಾಗ, ಆ ಹೆಸರಿನ ಕಡತ ಈಗಾಗಲೇ ಇದೆ, ಅದರ ಬದಲು ಇದನ್ನಿಡಲೇ ಎಂದು ಗಣಕ ಕೇಳಿತು. ಹುಡುಗ 'ಹೌದು' ಒತ್ತಿದನು.