ಬೌಸರನ ವಂಶಾವಳಿ

ಮಾರಿಯೊ ಆಟದ ಬೌಸರ್ ಎಂಬ ಖಳನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಬಣಗಳಿವೆ. ಒಂದು ಏಳನೇ ಕ್ಲಾಸಿನ ಮಗಳದು, ಇನ್ನೊಂದು ಎಂಬತ್ತರ ಹತ್ತಿರ ಇರುವ ಅಮ್ಮನದು. ಇಬ್ಬರ ನಡುವೆ ಸೋಫಾದ ಮೇಲೆ ಕೂತು ಎರಡೂ ಕಡೆಯಿಂದ ಬೈಸಿಕೊಳ್ಳುವವನು ನಾನು.

ಬೌಸರ್ ಯಾರೆಂದು ತಿಳಿಯದವರಿಗೆ ಎರಡು ಮಾತು. ಬೆನ್ನ ಮೇಲೆ ಮುಳ್ಳಿನ ಚಿಪ್ಪು, ತಲೆಯ ಮೇಲೆ ಕೋಡು, ಬಾಯಲ್ಲಿ ಬೆಂಕಿ. ಅರ್ಧ ಆಮೆ, ಅರ್ಧ ಡ್ರ್ಯಾಗನ್. 1985ರಿಂದ ಅವನದು ಒಂದೇ ಕಸುಬು, ಪೀಚ್ ಎಂಬ ರಾಜಕುಮಾರಿಯನ್ನು ಹೊತ್ತೊಯ್ಯುವುದು. ಮಾರಿಯೊ ಎಂಬ ಮೀಸೆಯ ಪ್ಲಂಬರನದೂ ಒಂದೇ ಕಸುಬು, ಅವಳನ್ನು ಬಿಡಿಸಿಕೊಂಡು ಬರುವುದು. ಜೆ.ಪಿ. ನಗರದಲ್ಲಿ ಹೇಳಿದ ದಿನ ಬಂದ ಪ್ಲಂಬರನನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಈ ಆಟದಲ್ಲಿ ನನಗೆ ನಂಬಲು ಕಷ್ಟವಾದದ್ದು ಬೆಂಕಿ ಉಗುಳುವ ಆಮೆಯಲ್ಲ, ಕರೆದಾಗಲೆಲ್ಲ ಓಡಿಬರುವ ಪ್ಲಂಬರ್. ಇರಲಿ.

ಮಗಳ ತಕರಾರು ಬೇರೆ. ಶಿಕಾಗೋದ ಸೋದರಮಾವ ಕಳಿಸಿದ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರದಲ್ಲಿ ಅವಳು ಒಂದು ಸಂಜೆ ಬೌಸರನನ್ನು ಹೊಡೆದುರುಳಿಸಿ ರಾಜಕುಮಾರಿಯನ್ನು ಬಿಡಿಸುತ್ತಾಳೆ. ಮರುದಿನ ಇನ್ನೊಂದು ಆಟ ಹಾಕಿದರೆ ಬೌಸರ್, ಮಾರಿಯೊ, ರಾಜಕುಮಾರಿ ಮೂವರೂ ಒಂದೇ ಗೆರೆಯಲ್ಲಿ ಪುಟ್ಟ ಕಾರು ನಿಲ್ಲಿಸಿಕೊಂಡು ರೇಸಿಗೆ ಸಜ್ಜಾಗಿದ್ದಾರೆ. ಇದು 1992ರ ‘ಸೂಪರ್ ಮಾರಿಯೊ ಕಾರ್ಟ್’ ಕಾಲದಿಂದ ನಡೆದುಬಂದ ಪದ್ಧತಿ. ಆಮೇಲೆ ಟೆನಿಸ್ ಆಡಿದರು, 2007ರಲ್ಲಿ ಒಟ್ಟಿಗೆ ಒಲಿಂಪಿಕ್ಸಿಗೂ ಹೋದರು. ಒಂದು ಪೊಲೀಸ್ ಕಂಪ್ಲೇಂಟಿಲ್ಲ, ಒಂದು ರಾಜಿ ಪಂಚಾಯ್ತಿಯಿಲ್ಲ. “ಅಪ್ಪ, ಇವನು ಒಳ್ಳೆಯವನಾ ಕೆಟ್ಟವನಾ? ಒಂದು ಕಡೆ ನಿಲ್ಲಬೇಕಲ್ವಾ?” ಎಂದು ಅವಳ ಪ್ರಶ್ನೆ. ಶಾಲೆಯಲ್ಲಿ ಪಾತ್ರ ಪರಿಚಯ ಬರೆಸುತ್ತಾರೆ. ಪಾತ್ರವೆಂದರೆ ಅರ್ಧ ಪುಟದಲ್ಲಿ ಮುಗಿಯಬೇಕು, ಕೊನೆಗೆ ಒಂದೇ ಗುಣ ಉಳಿಯಬೇಕು ಎಂದು ಅವಳಿಗೆ ಅಲ್ಲೇ ಅಭ್ಯಾಸವಾಗಿದೆ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ನಾವು ಬೌಸರನವರೆಗೆ ತಲುಪುತ್ತಿದ್ದದ್ದೇ ಅಪರೂಪ. ತೊಂಬತ್ತರ ದಶಕದ ಜಯನಗರ. ಯಾರದೋ ಮಾವ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದ ಟಿವಿ ಗೇಮು, ಅದಕ್ಕೊಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದವು ಬೆರಳೆಣಿಕೆಯ ಆಟಗಳು. ಮಿಕ್ಕವೆಲ್ಲ ಅವೇ ಆಟಗಳು, ಹೆಸರು ಮಾತ್ರ ಬೇರೆ. ಆಟ ಶುರುವಾಗದಿದ್ದರೆ ಕ್ಯಾಸೆಟ್ಟು ಕಿತ್ತು ತಳಕ್ಕೆ ಉಫ್ ಎಂದು ಊದಬೇಕು. ಊದಿದವನಿಗೆ ಮೊದಲ ಚಾನ್ಸು. ಹೇಗೋ ಕೋಟೆಯ ಕೊನೆ ಮುಟ್ಟಿದರೆ ಅಲ್ಲೊಂದು ಸೇತುವೆ, ಕೆಳಗೆ ಕುದಿಯುವ ಲಾವಾ, ಸೇತುವೆ ಮೇಲೆ ಬೌಸರ್. ಅವನ ಬೆನ್ನ ಹಿಂದೆಯೇ ಒಂದು ಕೊಡಲಿ. ಅವನನ್ನು ತಪ್ಪಿಸಿಕೊಂಡು ಹೋಗಿ ಅದನ್ನು ಮುಟ್ಟಿದರೆ ಸೇತುವೆ ಕಳಚಿ ಬಿತ್ತು, ಬೌಸರನೂ ಬಿದ್ದ. ತಾನು ನಿಂತ ಸೇತುವೆಯನ್ನು ಕಡಿಯುವ ಕೊಡಲಿಯನ್ನು ತಾನೇ ಕಾವಲು ಕಾಯುವವನ ಬುದ್ಧಿಯ ಬಗ್ಗೆ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

ಈಗ ಯೋಚಿಸಿದರೆ ಆ ಮೊದಲ ಆಟದಲ್ಲೇ ಸುಳಿವಿತ್ತು. ಅದರಲ್ಲಿ ಎಂಟು ಕೋಟೆಗಳು. ಮೊದಲ ಏಳರಲ್ಲಿ ನಿಂತಿರುವವನು ಬೌಸರನೇ ಅಲ್ಲ! ಕೊಡಲಿ ಮುಟ್ಟದೆ ಬೆಂಕಿಯುಂಡೆ ಎಸೆದೇ ಕೊಂದರೆ ವೇಷ ಕಳಚುತ್ತದೆ, ಒಳಗಿನಿಂದ ಯಾವುದೋ ಚಿಲ್ಲರೆ ಸೈನಿಕ ಬೀಳುತ್ತಾನೆ. ಎಂಟರಲ್ಲಿ ಏಳು ಡ್ಯೂಪು. ಹುಟ್ಟಿದ ವರ್ಷವೇ ತನ್ನ ವೇಷವನ್ನು ಏಳು ಜನಕ್ಕೆ ಬಾಡಿಗೆಗೆ ಕೊಟ್ಟವನಿಂದ ಸ್ಥಿರವಾದ ವ್ಯಕ್ತಿತ್ವ ಕೇಳುವುದು ನಮ್ಮ ದುರಾಸೆ.

ವ್ಯಕ್ತಿತ್ವದ ಸ್ಥಿರತೆ ಎಂದಾಗ ನನಗೆ ಬಿಟಿಎಂ ಲೇಔಟಿನ ಓನರ್ ನೆನಪಾಗುತ್ತಾರೆ. ಮದುವೆಯಾದ ಹೊಸತು, ಎರಡನೇ ಸ್ಟೇಜಿನಲ್ಲಿ ಮೇಲ್ಮಹಡಿಯ ಮನೆ. ಅವರು ಕೆಳಗೆ, ನಾವು ಮೇಲೆ. ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಂಡ ದಿನ “ನಿಮ್ಮದೇ ಮನೆ ಅಂದ್ಕೊಳಿ” ಎಂದರು. ಮರುದಿನದಿಂದ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಕಾವೇರಿ ನೀರು ಬರುವ ದಿನ ಸಂಪು ತುಂಬುವವರೆಗೂ ಮೋಟಾರಿನ ಸ್ವಿಚ್ಚಿಗೆ ಕೈ ಹಾಕುವಂತಿಲ್ಲ. ತಲೆಗೆ ಶಾಂಪೂ ಹಚ್ಚಿಕೊಂಡವರು ಹಾಗೇ ನಿಲ್ಲಬೇಕು. ಯುಗಾದಿಗೆ ಅದೇ ಮನುಷ್ಯ ಒಬ್ಬಟ್ಟಿನ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದು, ತುಪ್ಪ ಸಾಲದು ಎಂದು ನಮ್ಮ ಮನೆಯ ತುಪ್ಪವನ್ನೇ ನಮಗೆ ಬಡಿಸಿ ಹೋದರು. ಹೆಂಡತಿಗೆ ನೋವು ಶುರುವಾದ ರಾತ್ರಿ ಕೇಳುವ ಮೊದಲೇ ಬೀಗ ತೆಗೆದು, ಪಂಚೆಯಲ್ಲೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದವರೂ ಅವರೇ. ಮನೆ ಖಾಲಿ ಮಾಡುವ ದಿನ ಗೋಡೆಯ ಮೊಳೆ ತೂತುಗಳನ್ನು ತೋರುಬೆರಳಿನಿಂದ ಒಂದೊಂದಾಗಿ ಮುಟ್ಟಿ ಎಣಿಸಿ, ಪೇಂಟಿಂಗಿಗೆ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಅದರಲ್ಲೊಂದು ಮೊಳೆ, ಮಗಳ ನಾಮಕರಣದ ಫೋಟೊಗೆ ಅವರೇ ಸುತ್ತಿಗೆ ತಂದು ಹೊಡೆದುಕೊಟ್ಟದ್ದು. ಇಂಥವರ ತಲೆಯ ಮೇಲೆ ವರ್ಷಗಟ್ಟಲೆ ಬಾಳಿದವನಿಗೆ ಬೌಸರ್ ವಿಚಿತ್ರವಾಗಿ ಕಾಣುವುದು ಹೇಗೆ?

ಮಗಳ ಮುಂದೆ ಇದನ್ನು ಹೇಳಿದರೆ “ಅದು ನಿಜ ಜೀವನ ಅಪ್ಪ, ಇದು ಗೇಮ್. ಗೇಮಲ್ಲಿ ಲಾಜಿಕ್ ಇರಬೇಕು” ಎಂದಳು.

ಲಾಜಿಕ್ ಹುಡುಕುತ್ತ ಬೌಸರನ ಸರ್ವಿಸ್ ರಿಜಿಸ್ಟರ್ ತಿರುವಿದರೆ ತಲೆ ತಿರುಗುತ್ತದೆ. 1996ರ ‘ಸೂಪರ್ ಮಾರಿಯೊ ಆರ್‌ಪಿಜಿ’ಯಲ್ಲಿ ಅವನ ಕೋಟೆಯನ್ನೇ ಬೇರೆ ಯಾರೋ ಹಿಡಿದುಕೊಳ್ಳುತ್ತಾರೆ. ಮನೆ ಕಳೆದುಕೊಂಡವನು ಮಾರಿಯೊನ ಜೊತೆ ಸೇರುತ್ತಾನೆ. ಆದರೆ ತಾನು ಸೇರಿದೆ ಎನ್ನುವುದಿಲ್ಲ, ಮಾರಿಯೊನನ್ನೇ ತನ್ನ ಸೈನ್ಯಕ್ಕೆ ಸೇರಿಸಿಕೊಂಡೆ ಎನ್ನುತ್ತಾನೆ. ಪಕ್ಷಾಂತರ ಮಾಡಿಯೂ ಮಾಡಿಲ್ಲ ಎನ್ನುವ ಈ ಜಾಣ್ಮೆಗೆ ಕರ್ನಾಟಕದಲ್ಲಿ ವಿವರಣೆ ಬೇಕಿಲ್ಲ. 2009ರ ಇನ್ನೊಂದು ಆಟದಲ್ಲಿ ಮಾರಿಯೊನನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಓಡಾಡುತ್ತಾನೆ, ಅವನಿಗದು ಗೊತ್ತೇ ಇಲ್ಲ. 2023ರ ಸಿನಿಮಾದಲ್ಲಂತೂ ಪಿಯಾನೊ ಮುಂದೆ ಕೂತು ರಾಜಕುಮಾರಿಗಾಗಿ ವಿರಹಗೀತೆ ಹಾಡಿದ. (ಇದೆಲ್ಲದರ ನಡುವೆ 2019ರಲ್ಲಿ ಈ ಆಟಗಳ ಕಂಪನಿ ನಿಂಟೆಂಡೊದ ಅಮೆರಿಕ ಶಾಖೆಗೆ ಅಧ್ಯಕ್ಷರಾಗಿ ಬಂದವರ ಹೆಸರೂ ಬೌಸರ್, ಡಗ್ ಬೌಸರ್. ಯಾರೂ ಕಥೆ ಕಟ್ಟಿದ್ದಲ್ಲ.)

ನನಗೆ ಎಲ್ಲಕ್ಕಿಂತ ಪ್ರಿಯನಾದವನು 2017ರ ‘ಒಡಿಸಿ’ ಆಟದ ಬೌಸರ್. ಇಲ್ಲಿ ಅವನಿಗೆ ಬರಿಯ ಅಪಹರಣ ಸಾಲದು, ಶಾಸ್ತ್ರೋಕ್ತ ಮದುವೆ ಬೇಕು. ಬಿಳಿ ಸೂಟು, ಬಿಳಿ ಹ್ಯಾಟು ತೊಟ್ಟು ರಾಜ್ಯ ರಾಜ್ಯ ಸುತ್ತುತ್ತ ಒಂದೂರಲ್ಲಿ ಉಂಗುರ, ಒಂದೂರಲ್ಲಿ ಮದುವೆಯ ಉಡುಪು, ಮತ್ತೊಂದರಲ್ಲಿ ಹೂವು, ಇನ್ನೊಂದರಲ್ಲಿ ಕೇಕು ಕದಿಯುತ್ತಾನೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆ, ಗಾಂಧಿ ಬಜಾರಿನಲ್ಲಿ ಹೂವು, ಅಡುಗೆಯವರ ಜೊತೆ ಎಲೆಗೆ ಇಷ್ಟೆಂದು ಚೌಕಾಸಿ ಮಾಡಿ ತಂಗಿಯ ಮದುವೆ ಮುಗಿಸಿದ ನನಗೆ ಅವನ ಮುಖದ ಕ್ರೌರ್ಯಕ್ಕಿಂತ ಸುಸ್ತೇ ಎದ್ದು ಕಂಡಿತು. ಕೊನೆಗೆ ಚಂದ್ರನ ಮೇಲೆ ಅವನೂ ಮಾರಿಯೊನೂ ಒಬ್ಬರನ್ನೊಬ್ಬರು ತಳ್ಳಾಡುತ್ತ ರಾಜಕುಮಾರಿಯ ಮುಖಕ್ಕೆ ಹೂವು ಹಿಡಿಯುತ್ತಾರೆ. ಅವಳು ಇಬ್ಬರನ್ನೂ ಬೇಡವೆಂದು ತಿರುಗಿ ನಡೆಯುತ್ತಾಳೆ. ಇಡೀ ಸರಣಿಯಲ್ಲಿ ಸ್ವಂತ ಬುದ್ಧಿ ಇರುವವಳು ಅವಳೊಬ್ಬಳೇ.

ಅಮ್ಮನಿಗೆ ಇದ್ಯಾವುದೂ ಸಮಸ್ಯೆಯೇ ಅಲ್ಲ. ಬನಶಂಕರಿ ಎರಡನೇ ಸ್ಟೇಜಿನ ಮನೆಯಿಂದ ನಮ್ಮಲ್ಲಿಗೆ ಬಂದಾಗ ದಿವಾನದ ಮೇಲೆ ಕಾಲು ಚಾಚಿ, ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೂ ಒತ್ತಿ ಪುಟಕ್ಕನೆ ಬೇಳೆ ಹಾರಿಸುತ್ತ ಮೊಮ್ಮಗಳ ಆಟವನ್ನು ಧಾರಾವಾಹಿಯ ಹಾಗೆಯೇ ನೋಡುತ್ತಾಳೆ. ಸಂಜೆಯ ಧಾರಾವಾಹಿಗಳಲ್ಲಿ ಪಳಗಿದ ಜೀವ. ಸೊಸೆಯ ಹಾಲಿಗೆ ವಿಷ ಬೆರೆಸಿದ ಅತ್ತೆ ಹಬ್ಬದ ಮಹಾಸಂಚಿಕೆಯಲ್ಲಿ ಆರತಿ ಎತ್ತಿ ಕಣ್ಣೀರಿಡುತ್ತಾಳೆ, ಸೋಮವಾರ ಮತ್ತೆ ವಿಷದ ಬಾಟಲಿ ಹುಡುಕುತ್ತಾಳೆ. ಅದೂ ಬೇಡ, ಶುಕ್ರವಾರ ಇದ್ದ ನಟಿ ಸೋಮವಾರ ಇರುವುದಿಲ್ಲ. ಬೇರೆ ಮುಖ, ಬೇರೆ ದನಿ, ಅದೇ ಅತ್ತೆ. ಅಮ್ಮ ಕಾಳಿನಿಂದ ಕಣ್ಣೆತ್ತುವುದಿಲ್ಲ. ಅವಳ ಕಾನೂನು ಸರಳ: “ಗುಣ ಬದಲಾಗತ್ತೆ ಕಣೋ, ಮುಖಾನೂ ಬದಲಾಗತ್ತೆ. ನೆಂಟಸ್ತನ ಮಾತ್ರ ಬದಲಾಗಬಾರದು.”

ಆ ಕಾನೂನಿಗೇ ಬೌಸರ್ ಸಿಕ್ಕಿಬಿದ್ದ.

1988ರ ಮೂರನೇ ಆಟದಲ್ಲಿ ಅವನಿಗೆ ಏಳು ಮಕ್ಕಳು. ಕೂಪಲಿಂಗ್‌ಗಳು ಎಂದು ಹೆಸರು. ಏಳು ರಾಜ್ಯಗಳ ರಾಜರಿಂದ ಮಂತ್ರದಂಡ ಕಸಿದು, ರಾಜರನ್ನು ಪ್ರಾಣಿಗಳನ್ನಾಗಿ ಮಾಡಿಟ್ಟ ಮಕ್ಕಳು. “ಏಳಕ್ಕೆ ಏಳೂ ಅಪ್ಪನ ಕಸುಬನ್ನೇ ಹಿಡಿದಿವೆ, ಒಂದಾದರೂ ಬೇರೆ ಊರಿಗೆ ಹೋಗಿಲ್ಲ” ಎಂದು ಅಮ್ಮನಿಗೆ ಮೆಚ್ಚುಗೆಯೇ ಆಯಿತು. 2002ರಲ್ಲಿ ಬೌಸರ್ ಜೂನಿಯರ್ ಎಂಬ ಮತ್ತೊಬ್ಬ ಮಗ ಬಂದ. ಅವನಿಗೆ ಅಪ್ಪ ಹೇಳಿಕೊಟ್ಟದ್ದು ರಾಜಕುಮಾರಿ ಪೀಚಳೇ ನಿನ್ನ ತಾಯಿ ಎಂದು! ಇಲ್ಲಿ ಅವರೆಕಾಳು ನಿಂತಿತು. “ಹೊತ್ತು ತಂದವಳನ್ನ ನಿಮ್ಮಮ್ಮ ಅಂತ ಮಗೂಗೆ ಹೇಳ್ತಾರಾ?” ಆಟದ ಕೊನೆಗೆ ಅಪ್ಪ ತಡವರಿಸುತ್ತ ನಿಜ ಹೇಳುತ್ತಾನೆ, ಮಗ ನನಗಾಗಲೇ ಗೊತ್ತಿತ್ತು ಎನ್ನುತ್ತಾನೆ. ಅಮ್ಮ ಅದಕ್ಕೆ ಅರ್ಧ ಮಾಫಿ ಕೊಟ್ಟಳು.

ಮಾಫಿ ಸಿಗದೆ ಹೋದದ್ದು 2012ರ ವಿಷಯಕ್ಕೆ. ಮಾರಿಯೊನ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ ಆ ವರ್ಷ ಒಂದು ಸಂದರ್ಶನದಲ್ಲಿ, ಈಗಿನ ಕಥೆಯ ಪ್ರಕಾರ ಆ ಏಳು ಜನ ಬೌಸರನ ಮಕ್ಕಳಲ್ಲ, ಜೂನಿಯರ್ ಒಬ್ಬನೇ ಮಗ, ತಾಯಿ ಯಾರೆಂದು ತಮಗೂ ಗೊತ್ತಿಲ್ಲ ಎಂದುಬಿಟ್ಟರು. ಇಪ್ಪತ್ತು ಚಿಲ್ಲರೆ ವರ್ಷ ಅಪ್ಪನ ಕೋಟೆ ಕಾದ ಏಳು ಮಕ್ಕಳು ಒಂದು ಮಾತಿನಲ್ಲಿ ಬರಿಯ ನೌಕರರಾದರು. ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯಗಳನ್ನೇ ಉಸಿರಾಡುವ ದಕ್ಷಿಣ ಬೆಂಗಳೂರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಮೂವತ್ತು ನಲವತ್ತರ ಸೈಟಿಗೇ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಅಲ್ಲಿರುವುದು ಕೋಟೆ. “ಸಹಿ ಏನಾದರೂ ಹಾಕಿಸಿಕೊಂಡರಂತಾ?” ಎಂದಳು ಅಮ್ಮ.

ಅದೇ ಸಂದರ್ಶನದಲ್ಲಿ ಮಿಯಾಮೊಟೊ ಇನ್ನೊಂದು ಮಾತನ್ನೂ ಹೇಳಿದ್ದರು: ತಮ್ಮ ಪಾತ್ರಗಳು ಒಂದು ನಾಟಕ ತಂಡದ ನಟರಿದ್ದಂತೆ, ಒಂದೊಂದು ಆಟದಲ್ಲಿ ಒಂದೊಂದು ಪಾತ್ರ ವಹಿಸುತ್ತಾರೆ ಎಂದು. ನಮಗೆ ಇದನ್ನು ಜಪಾನಿನಿಂದ ಕಲಿಯಬೇಕಾಗಿರಲಿಲ್ಲ. ಜಯನಗರಕ್ಕೆ ಅಂಟಿಕೊಂಡೇ ಇರುವ ಕನಕನಪಾಳ್ಯದಲ್ಲಿ ಹುಟ್ಟಿದವರು ಖಳನಟ ವಜ್ರಮುನಿ. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ‘ಪ್ರಚಂಡ ರಾವಣ’ ನಾಟಕದಲ್ಲಿ ರಾವಣನಾಗಿ ಅಬ್ಬರಿಸಿದ ಅವರನ್ನು ಶಾಸ್ತ್ರಿಗಳ ತಮ್ಮ ಪುಟ್ಟಣ್ಣ 1969ರ ‘ಮಲ್ಲಮ್ಮನ ಪವಾಡ’ದಿಂದ ಸಿನಿಮಾಕ್ಕೆ ತಂದರು. ಆ ಪುಟ್ಟಣ್ಣನ ಹೆಸರಿನ ಚಿತ್ರಮಂದಿರವೇ ಮುಂದೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿತ್ತು. ‘ಸಂಪತ್ತಿಗೆ ಸವಾಲ್’ನ ಸಾಹುಕಾರ್ ಸಿದ್ದಪ್ಪನಿಗೆ ಥಿಯೇಟರಿನಲ್ಲಿ ಹಿಡಿಶಾಪ ಹಾಕಿದ ಅಮ್ಮ ಮುಂದಿನ ವಾರ ಅದೇ ಮುಖ ಬೇರೆ ಪಾತ್ರದಲ್ಲಿ ಬಂದಾಗ ಹೊಸದಾಗಿ ಶಾಪ ಹಾಕಿದಳೇ ಹೊರತು, ಹೋದ ವಾರದ ಸಾಹುಕಾರ ಈ ವಾರ ಹೇಗೆ ಬೇರೊಬ್ಬನಾದ ಎಂದು ಕೇಳಲಿಲ್ಲ. ಮಗಳಿಗೆ ಇದು ಒಪ್ಪಿಗೆಯಾಯಿತು. ಬೌಸರ್ ಒಬ್ಬ ನಟ. ಅಪಹರಣ ಒಂದು ಪಾತ್ರ, ಕಾರ್ ರೇಸು ಇನ್ನೊಂದು. ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. “ನಟ ಆದರೇನು, ಮಕ್ಕಳು ಮಕ್ಕಳೇ. ರಾವಣನ್ನೇ ತಗೋ. ಯಾರು ಹೇಗೆ ಬರೆದರೂ ಸೀತೆಗೂ ಅವನಿಗೂ ಇರೋ ಸಂಬಂಧ ಬದಲಾಯಿತಾ?”

ಅಮ್ಮ ತಾನಾಗಿ ರಾವಣನ ಹೆಸರೆತ್ತಿದ್ದು ನನ್ನ ಪುಣ್ಯ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣ ಸೀತೆಯ ನಿಷ್ಠೆ ಕಂಡು ಪಶ್ಚಾತ್ತಾಪ ಪಡುತ್ತಾನೆ, ಅಷ್ಟಾದರೂ ಯುದ್ಧ ಬಿಡುವುದಿಲ್ಲ, ಕೊಲ್ಲುವವನೂ ರಾಮನಲ್ಲ, ಲಕ್ಷ್ಮಣ ಎಂದೆ. ಅದು ಗುಣದ ಮಾತು, ನಡೆಯುತ್ತೆ ಎಂದಳು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣನಿಗೆ ಕನಸು ಬೀಳುತ್ತದೆ, ಕನಸಿನಲ್ಲಿ ಸೀತೆ ತಾಯಿ, ಅವನು ಮಗು ಎಂದೆ. ಕನಸು ತಾನೇ ಎಂದಳು. ಕೊನೆಗೆ ಎ.ಕೆ. ರಾಮಾನುಜನ್ ‘ಮುನ್ನೂರು ರಾಮಾಯಣ’ ಪ್ರಬಂಧದಲ್ಲಿ ಹೇಳುವ ನಮ್ಮದೇ ಕನ್ನಡ ಜನಪದರ ಕಥೆ ತೆಗೆದೆ. ಅಲ್ಲಿ ಅವನು ರಾವುಳ. ಮಕ್ಕಳಿಲ್ಲದ ಅವನಿಗೆ ಶಿವ ಜೋಗಿಯ ವೇಷದಲ್ಲಿ ಬಂದು ಮಾವಿನಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ, ಓಟೆ ತನಗೆ ಎಂದು ಮಾತು ಕೊಟ್ಟವನು ತಿರುಳನ್ನು ತಾನೇ ತಿಂದು ಮಂಡೋದರಿಗೆ ಓಟೆ ಕೊಡುತ್ತಾನೆ. ಬಸಿರಾಗುವವನು ಅವನೇ. ದಿನಕ್ಕೊಂದು ತಿಂಗಳಂತೆ ತುಂಬಿ ಒಂಬತ್ತನೇ ದಿನ ಸೀನುತ್ತಾನೆ, ಮೂಗಿನಿಂದ ಸೀತೆ ಹುಟ್ಟುತ್ತಾಳೆ. ಮುಂದೆ ಅವನು ಹೊತ್ತೊಯ್ಯುವುದು ಆ ಮಗಳನ್ನೇ.

ಅಮ್ಮನ ಕೈಯ ಕಾಳು ಮೊರದ ಆಚೆ ಹಾರಿ ಟಿವಿಯ ಕೆಳಗೆ ಹೋಯಿತು. ಮಗಳು ಆಟ ಪಾಜ್ ಮಾಡಿ ನನ್ನನ್ನೂ ಅಜ್ಜಿಯನ್ನೂ ನೋಡುತ್ತಿದ್ದಳು. ಪರದೆಯ ಮೇಲೆ ಬೌಸರ್ ಬಾಯಿ ತೆರೆದು ನಿಂತಿದ್ದ.

“ಹಂಗಾದರೆ ಆ ಮರೀನ್ನೂ ಇವನೇ ಸೀನಿರಬೇಕು ಬಿಡು, ತಾಯಿ ಗೊತ್ತಿಲ್ಲ ಅಂತಾರಲ್ಲ” ಎಂದಳು ಅಮ್ಮ. ಮತ್ತೊಂದು ಕಾಳು ಒತ್ತಿದಳು. “ಆದರೂ ಏಳು ಸಲ ಸೀನಿದ್ದು ಲೆಕ್ಕಕ್ಕಿಲ್ಲ, ಎಂಟನೇ ಸೀನು ಮಾತ್ರ ಮಗ ಅಂದರೆ, ಅದು ನ್ಯಾಯ ಅಲ್ಲ ಕಣೇ. ಆ ಜಪಾನಿನೋನಿಗೆ ಹೇಳು.”