ಹಾಫ್ ಎಂಜಿನ್ ಮಾಲಕರು

ಲಾರಿಗೆ ಎಷ್ಟು ವಯಸ್ಸಾಯಿತು ಎಂದು ಕೇಳಿದರೆ ನಮ್ಮ ಮಾಲಕರು “ಯಾವ ಭಾಗದ್ದು?” ಎಂದು ತಿರುಗಿ ಕೇಳುತ್ತಾರೆ. ಅವರದೇನೂ ತಪ್ಪಿಲ್ಲ. ಚಾಸಿ ಒಂದು ಕಾಲದ್ದು. ಕ್ಯಾಬಿನ್ನು ಹುಬ್ಬಳ್ಳಿಯಲ್ಲಿ ಇನ್ನೊಂದು ಕಾಲದಲ್ಲಿ ಕಟ್ಟಿಸಿದ್ದು. ಗೇರ್ ಬಾಕ್ಸು ಗುಜರಿಯಿಂದ ಬಂದದ್ದು. ಎಂಜಿನ್ನಿನ ಆರು ಸಿಲಿಂಡರಿಗಂತೂ ಆರು ಬೇರೆ ಬೇರೆ ಹುಟ್ಟಿದ ದಿನ.

ಗೊಟಗೋಡಿ, ಶಿಗ್ಗಾಂವಿ, ಬಂಕಾಪುರದ ಕಡೆ ಹೆದ್ದಾರಿ ಬದಿಯ ಯಾವ ಗ್ಯಾರೇಜಿಗೆ ಹೋದರೂ ಇಂಥವರೊಬ್ಬರು ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಮೈಮೇಲೆ ಬಿಳಿ ಅಂಗಿ, ಬಾಯಲ್ಲಿ ಸವಣೂರಿನ ಎಲೆ, ಕಣ್ಣು ಮಿಸ್ತ್ರಿಯ ಕೈಮೇಲೆ. ಸುಗ್ಗಿಯಲ್ಲಿ ಹಿರೇಕೆರೂರಿನ ಗೋವಿನಜೋಳ, ಹಾನಗಲ್ಲಿನ ಭತ್ತ, ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಎಂದು ಲಾರಿ ನಾಲ್ಕು ಕಾಸು ದುಡಿಯುತ್ತದೆ. ಉಳಿದ ತಿಂಗಳು ಗ್ಯಾರೇಜೇ ಅದರ ಮನೆ.

“ನಂದು ಬೆಂಝ್ ಐತ್ರಿ” ಎಂದು ಮಾಲಕರು ಹೇಳಿದರೆ ನಗಬೇಡಿ. ಪೂರ್ತಿ ಸುಳ್ಳಲ್ಲ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಕರಾರು ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದರು. 1969ರಲ್ಲಿ ಕರಾರು ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಯಿತು, ಎಂಜಿನ್ನಿನ ವಂಶ ಮಾತ್ರ ಅದೇ ಮುಂದುವರಿಯಿತು. ಮಾಲಕರ ಲಾರಿಯಲ್ಲಿರುವುದು 697. ಆರು ಸಿಲಿಂಡರ್, ಒಂದೊಂದರ ಬೋರು 97 ಮಿಲಿಮೀಟರ್. ಹೆಸರಿನಲ್ಲೇ ಜಾತಕ ಬರೆದಿದೆ. ಟರ್ಬೊ ಇಲ್ಲ, ಸೆನ್ಸಾರ್ ಇಲ್ಲ, ಕಂಪ್ಯೂಟರ್ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸುವುದು, ಕಾದ ಗಾಳಿಗೆ ಡೀಸೆಲ್ ಚಿಮ್ಮಿಸುವುದು; ಕಿಡಿ ಬೇಡ, ತಾನೇ ಹತ್ತಿಕೊಳ್ಳುತ್ತದೆ. ಒಮ್ಮೆ ಚಾಲೂ ಆದರೆ ಬ್ಯಾಟರಿ ಬಿಚ್ಚಿಟ್ಟರೂ ಓಡುತ್ತದೆ. ಮಾಲಕರು ಹೊಸ ಬ್ಯಾಟರಿ ಕೊಳ್ಳದಿರುವುದಕ್ಕೆ ಇದೇ ಶಾಸ್ತ್ರಾಧಾರ. ಲಾರಿ ನಿಲ್ಲಿಸುವಾಗ ಅವರು ನೆರಳು ನೋಡುವುದಿಲ್ಲ, ಇಳಿಜಾರು ನೋಡುತ್ತಾರೆ.

ಡೀಸೆಲ್ ಹಾಕಿಸುವುದರಲ್ಲೂ ಅದೇ ಹಿಡಿತ. ಐನೂರರ ಮೇಲೆ ನೋಟು ಬಿಚ್ಚುವುದಿಲ್ಲ. ಟ್ಯಾಂಕು ಬತ್ತಿ ಪೈಪಿನಲ್ಲಿ ಗಾಳಿ ಹೊಕ್ಕು ಲಾರಿ ನಡುರಸ್ತೆಯಲ್ಲಿ ನಿಂತಾಗ ಕ್ಲೀನರ್ ಹುಡುಗ ಇಳಿದು ಹ್ಯಾಂಡ್ ಪಂಪು ಒತ್ತುತ್ತಾನೆ. ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಒತ್ತಬೇಕು. ಆ ಹುಡುಗನ ಹೆಬ್ಬೆರಳಿನ ಜಡ್ಡು ಮಾಲಕರ ಉಳಿತಾಯದ ಪಾಸ್‌ಬುಕ್ಕು.

ಮಿಸ್ತ್ರಿಯದು ಬೇರೆ ಲೋಕ. ಎಂಜಿನ್ ಸಣ್ಣಗೆ ಓಡುತ್ತಿರುವಾಗ 17ರ ಪಾನಾ ಹಿಡಿದು ನೋಝಲ್ಲಿಗೆ ಹೋಗುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾನೆ. ಒಂದನೆಯದು ಸಡಿಲಾದಾಗ ಎಂಜಿನ್ ಕೆಮ್ಮುತ್ತದೆ, ಬಿಗಿದರೆ ಸುಧಾರಿಸುತ್ತದೆ. ಎರಡು, ಮೂರು, ಅದೇ ಕಥೆ. ನಾಲ್ಕನೆಯದರ ನಟ್ಟು ಬಿಚ್ಚಿ ಡೀಸೆಲ್ ಹೊರಗೆ ಒಸರಿದರೂ ಎಂಜಿನ್ನಿಗೆ ಪರಿವೆಯೇ ಇಲ್ಲ, ಓಡಿದ ಹಾಗೇ ಓಡುತ್ತದೆ. ಇದ್ದರೂ ಇಲ್ಲದಿದ್ದರೂ ಒಂದೇ ಎನಿಸಿಕೊಂಡದ್ದೇ ಕೆಟ್ಟ ಸಿಲಿಂಡರು. ಆಮೇಲೆ ನೋಝಲ್ ಬದಲಿಸಿ ನೋಡುತ್ತಾನೆ, ಎಣ್ಣೆ ಹಾಕುವ ಮುಚ್ಚಳ ತೆಗೆಯುತ್ತಾನೆ. ಅಲ್ಲಿಂದ ಬುಸುಬುಸು ಹೊಗೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ. ರಿಂಗು ಸವೆದು ಎಣ್ಣೆ ಉರಿಯುತ್ತಿದೆ ಎಂದೇ ಅರ್ಥ.

“ಅಣ್ಣಾರ, ನಾಕನೇದು ಸತ್ತೈತ್ರಿ. ಹೆಂಗೂ ಹೆಡ್ ಇಳಸ್ತೀವಿ, ಆರಕ್ಕೂ ಲೈನರ್, ಪಿಸ್ಟನ್, ರಿಂಗ್ ಹಾಕಿಬಿಡೂಣ್ರಿ.”

“ಸತ್ತದ್ದು ಒಂದ ಅಲ್ಲೇನೊ ತಮ್ಮಾ? ಉಳಿದ ಐದು ಏನ್ ತಪ್ಪು ಮಾಡ್ಯಾವು?”

ಈ ನ್ಯಾಯದ ಮುಂದೆ ಮಿಸ್ತ್ರಿ ಸೋಲುತ್ತಾನೆ. ಕ್ರ್ಯಾಂಕ್ ಮುಟ್ಟದೆ ಮೇಲಿನದನ್ನಷ್ಟೇ ಮಾಡುವುದಕ್ಕೆ ಗ್ಯಾರೇಜಿನವರು ಹಾಫ್ ಎಂಜಿನ್ ಕೆಲಸ ಎನ್ನುತ್ತಾರೆ. ಮಾಲಕರು ಅದರಲ್ಲೂ ಆರನೇ ಒಂದು ಭಾಗ ಮಾಡಿಸುವವರು. ಹೆಡ್ ಇಳಿಸುವ ಕೂಲಿ, ಗ್ಯಾಸ್ಕೆಟ್ಟು, ಎಣ್ಣೆ, ಫಿಲ್ಟರು, ಇವೆಲ್ಲ ಒಂದು ಸಿಲಿಂಡರಿಗೂ ಅಷ್ಟೇ, ಆರಕ್ಕೂ ಅಷ್ಟೇ. ಮುಂದಿನ ಸುಗ್ಗಿಗೆ ಎರಡನೆಯದು ಸಾಯುತ್ತದೆ, ಅದರ ಮುಂದಿನ ಸುಗ್ಗಿಗೆ ಐದನೆಯದು. ಪ್ರತಿ ಸಲವೂ ಹೊಸ ಗ್ಯಾಸ್ಕೆಟ್ಟು, ಪ್ರತಿ ಸಲವೂ “ಈ ಸಲ ಕಡಿಮಿದಾಗ ಆತು ನೋಡ್ರಿ” ಎಂಬ ಸಂತೋಷ.

ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ ಇದೆಯಲ್ಲ, ಅಲ್ಲಿ ಹಳ್ಳಿಯ ಬದುಕೆಲ್ಲ ಆಳೆತ್ತರದ ಶಿಲ್ಪವಾಗಿ ನಿಂತಿದೆ. ಅದನ್ನು ನೋಡಿ ಹೊರಬಂದ ಪ್ರವಾಸಿಗರು ಲಾರಿಯ ಕೆಳಗೆ ಅಲುಗಾಡದೆ ಮಲಗಿದ ಮಿಸ್ತ್ರಿಯನ್ನೂ, ಸ್ಟೂಲಿನ ಮೇಲೆ ಕೂತ ಮಾಲಕರನ್ನೂ ಶಿಲ್ಪವೆಂದೇ ತಿಳಿದು ಫೋಟೊ ತೆಗೆದರೂ ಆಶ್ಚರ್ಯವಿಲ್ಲ. ಅದೇ ಊರಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯವೂ ಇದೆ. ಹೊಗೆಯ ಬಣ್ಣ ನೋಡಿ ರೋಗ ಹೇಳುವ ವಿದ್ಯೆಯನ್ನು ಯಾರೂ ಪುಸ್ತಕದಿಂದ ಕಲಿತಿಲ್ಲ. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ, ನೀಲಿಯಾದರೆ ಎಣ್ಣೆ, ಬಿಳಿಯಾದರೆ ಉರಿಯದ ಡೀಸೆಲ್ ಇಲ್ಲವೇ ಒಳಗೆ ಹೊಕ್ಕ ನೀರು. ಬಾಯಿಂದ ಬಾಯಿಗೆ, ಬೈಗುಳದ ಜೊತೆಗೆ, ಮಿಸ್ತ್ರಿಯಿಂದ ಹುಡುಗನಿಗೆ ಬಂದದ್ದು. ಇದು ಜಾನಪದವಲ್ಲದಿದ್ದರೆ ಇನ್ಯಾವುದು?

ಮಾಲಕರಿಗೆ ರಿಪೇರಿಗಿಂತ ಸುಧಾರಣೆಯ ಹುಚ್ಚು ದೊಡ್ಡದು. ಮೊದಲು ಡೀಸೆಲ್ ಪಂಪಿನ ಸೀಲು ಕಿತ್ತು ಸ್ಕ್ರೂ ತಿರುಗಿಸಿದರು. ಪಿಕಪ್ ಬಂತು, ಹಿಂದೆಯೇ ಕಾಡಿಗೆಯಂಥ ಹೊಗೆಯೂ ಬಂತು. 8 ವರ್ಷ ದಾಟಿದ ಲಾರಿಗೆ ವರ್ಷವರ್ಷವೂ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಆಗಬೇಕು. ಹಾಗಾಗಿ ಎಫ್‌ಸಿ ಹಿಂದಿನ ದಿನ ಸ್ಕ್ರೂ ಒಳಗೆ, ಮರುದಿನ ಹೊರಗೆ.

ಆಮೇಲೆ ಟರ್ಬೊ. ಗುಜರಿಯಲ್ಲಿ ಒಂದು ಅಗ್ಗಕ್ಕೆ ಸಿಕ್ಕಿತು. ಎಂಜಿನ್ನಿನಿಂದ ಹೊರಟ ಬಿಸಿ ಹೊಗೆಯೇ ಅದರ ಚಕ್ರ ತಿರುಗಿಸಿ ಒಳಗೆ ಗಾಳಿ ತುರುಕುತ್ತದೆ. ಪುಕ್ಕಟೆ ಹೊಗೆಯಿಂದ ಪುಕ್ಕಟೆ ತಾಕತ್ತು ಎಂಬುದು ಮಾಲಕರ ಎದೆಗೆ ನಾಟಿತು. ಮಿಸ್ತ್ರಿ ಪಾನಾ ಕೆಳಗಿಟ್ಟು ಎದ್ದು ನಿಂತ.

“ಅಣ್ಣಾರ, ಅದು ನಿಮಿಷಕ್ಕ ಲಕ್ಷ ಸುತ್ತು ತಿರಗ್ತೈತ್ರಿ. ಅದಕ್ಕ ಎಣ್ಣಿ ಲೈನ್ ಬ್ಯಾರೆ ಬೇಕು. ಪಿಸ್ಟನ್ ಬ್ಯಾರೆ, ಪಂಪಿನ ಸೆಟ್ಟಿಂಗ್ ಬ್ಯಾರೆ. ಈ ರೇಡಿಯೇಟರ್ ಆ ಕಾವು ತಡಿಯೂದಿಲ್ಲ. ನಿಮ್ಮ ಹಳೇ ಐದು ಪಿಸ್ಟನ್ ಒಂದ ಘಾಟಿಗೆ ಕರಗ್ತಾವ.”

ಟರ್ಬೊ ಕೂರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಡ್ರೈವರ್ ಸೀಟಿನ ಹಿಂದೆ ಇಟ್ಟರು. ಅಂದಿನಿಂದ ಕೇಳಿದವರಿಗೆಲ್ಲ “ಗಾಡ್ಯಾಗ ಟರ್ಬೊ ಐತ್ರಿ” ಎನ್ನುತ್ತಾರೆ. ಮಾಲಕರು ಸುಳ್ಳು ಹೇಳುವವರಲ್ಲ.

ಲಾರಿಯನ್ನು ನಿಜವಾಗಿ ಬದುಕಿಸಿದ್ದು ಯಾರೂ ಹೇಳಿಕೊಳ್ಳದಂಥ ಕೆಲಸ. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಗೋವಿನಜೋಳದ ಹೊಟ್ಟು ಎಣ್ಣೆಯಲ್ಲಿ ನೆನೆದು ಕೆಸರಾಗಿ ಕೂತಿತ್ತು. ಮಿಸ್ತ್ರಿ ಅದನ್ನು ತೊಳೆದ, ಟ್ಯಾಪೆಟ್ ಸರಿ ಮಾಡಿದ, ನೋಝಲ್ಲುಗಳನ್ನು ಹುಬ್ಬಳ್ಳಿಯಲ್ಲಿ ಮಿಷನ್ನಿಗೆ ಹಾಕಿಸಿ ತಂದ, ಪಂಪಿಗೆ ಸರಿಯಾದ ಅಳತೆ ಕೂರಿಸಿ ಹೊಸ ಸೀಲು ಹಾಕಿಸಿದ. ಹೊಗೆ ಇಳಿಯಿತು, ಲಾರಿ ಏರು ಏರಿತು. ಬಿಲ್ಲು ನೋಡಿ ಮಾಲಕರ ಮುಖ ಸಣ್ಣದಾಯಿತು. ಇಷ್ಟು ಕಡಿಮೆ ಖರ್ಚಿನ ಕಥೆಯನ್ನು ಚಹಾದಂಗಡಿಯಲ್ಲಿ ಹೇಗೆ ಹೇಳುವುದು? ಹಳೇ ಲಾರಿಗೆ ದುಡ್ಡು ಹಾಕುವವರು ಮೊದಲು ಗಾಳಿ, ಆಮೇಲೆ ಡೀಸೆಲ್, ಕೊನೆಗೆ ಟರ್ಬೊ ಎಂದು ನಡೆದರೆ ಅರ್ಧ ಗ್ಯಾರೇಜುಗಳು ಬಾಗಿಲು ಹಾಕಬೇಕಾದೀತು ಎಂಬುದು ನನ್ನ ಅನುಮಾನ.

ಮಗ ಹೊಸ ಲಾರಿಯ ಮಾತು ತೆಗೆದ. 2020ರ ಏಪ್ರಿಲ್ 1ರಿಂದ ಮಾರುವ ಗಾಡಿಗಳೆಲ್ಲ ಬಿಎಸ್ 6; ಹೊಗೆ ಶುದ್ಧ ಮಾಡಲು ದೊಡ್ಡ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕದಲ್ಲೇ ಯೂರಿಯಾ ದ್ರಾವಣದ ಇನ್ನೊಂದು ಟ್ಯಾಂಕು. ಮಾಲಕರು ಎಲೆ ಉಗುಳಿ ಬಂದರು.

“ಹೊಲಕ್ಕ ಹಾಕಾಕ ಯೂರಿಯಾ ಸಿಗವಲ್ದು, ಇವ್ರು ಲಾರಿಗೆ ಕುಡಸ್ತಾರಂತ!”

ಆದರೂ ಈ ವರ್ಷ ಲಾರಿ ಮಾರಾಟಕ್ಕಿದೆ ಎಂಬ ಸುದ್ದಿ ಗ್ಯಾರೇಜಿನಿಂದ ಹೊರಬಿದ್ದಿದೆ. ಕೊಳ್ಳುವ ಮನಸ್ಸಿದ್ದವರಿಗೆ ಒಂದು ಮಾತು: ಹೇಳದೆ ಕೇಳದೆ ನಸುಕಿನಲ್ಲೇ ಹೋಗಿ, ಮೊದಲು ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾಲಕರು ನಿಮಗಿಂತ ಮೊದಲೇ ಎದ್ದು ಚಾಲೂ ಮಾಡಿಟ್ಟಿದ್ದಾರೆ. ಚಹಾ ಕುಡಿದು ವಾಪಸ್ ಬನ್ನಿ. ತಣ್ಣಗಿದ್ದೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಹತ್ತಿಕೊಂಡು, ಎಣ್ಣೆ ಮುಚ್ಚಳ ತೆಗೆದಾಗ ಹೊಗೆ ಬಾರದಿದ್ದರೆ ಮಾತ್ರ ವ್ಯವಹಾರಕ್ಕೆ ಕೂತುಕೊಳ್ಳಿ. ಟರ್ಬೊ ಬೇಕೆಂದರೆ ಸೀಟಿನ ಹಿಂದಿದೆ. ಅದಕ್ಕೆ ರೇಟು ಬೇರೆ.